ಮಂಡೂಕರಾಜನ ಮಗಳು

ಕಪ್ಪೆಗಳಿಗೂ ಒಂದು ರಾಜ್ಯವುಂಟು, ಅರಸನುಂಟು, ಅರಸನಿಗೊಬ್ಬ ರೂಪವತಿಯಾದ ಮಗಳುಂಟು ಎಂದರೆ ವಾಚಕರು ಅಜ್ಜಿಕತೆಯೆಂದು ನಕ್ಕಾರು. ಆದರೆ ಇದು ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಮಹರ್ಷಿಗಳು ಧರ್ಮರಾಯನಿಗೆ ಹೇಳಿದ ವೃತ್ತಾಂತ. ನಳ ದಮಯಂತಿಯರ ಕತೆಯಷ್ಟು ಪ್ರಚಾರದಲ್ಲಿಲ್ಲವಾದ್ದರಿಂದ ಇಲ್ಲಿ ಅರಿಕೆ ಮಾಡುತ್ತಿದ್ದೇವೆ.

ಅಯೋಧ್ಯೆಯ ಇಕ್ಷ್ವಾಕುವಂಶದಲ್ಲಿ ಪರೀಕ್ಷಿತನೆಂಬ ದೊರೆಯಿದ್ದನು. ಇವನು ಅಭಿಮನ್ಯುವಿನ ಮಗನಲ್ಲ, ಬೇರೊಬ್ಬ. ಬೇಟೆಯಲ್ಲಿ ಬಳಲಿ ಕಾಡಿನ ಕೊಳದ ದಡದಲ್ಲಿ ಮಲಗಿದ್ದಾಗ, ಹಾಡುತ್ತ ಹೂ ಕೊಯ್ಯುತ್ತಿದ್ದ ಕನ್ಯೆಯೊಬ್ಬಳನ್ನು ಕಂಡು ಮರುಳಾದನು. ವಿವಾಹಕ್ಕೆ ಅವಳು ಒಡ್ಡಿದ ಕರಾರು ಒಂದೇ: ತನಗೆ ನೀರನ್ನು ತೋರಿಸಕೂಡದು. ದೊರೆ ಒಪ್ಪಿ, ಪಲ್ಲಕ್ಕಿಯಲ್ಲಿ ಕರೆತಂದು, ಯಾರ ಕಣ್ಣಿಗೂ ಬೀಳದೆ ಅವಳೊಡನೆ ಏಕಾಂತದಲ್ಲಿರತೊಡಗಿದನು. ಮಂತ್ರಿಗೆ ಚಿಂತೆ ಹತ್ತಿತು. ಅವನು ಊಳಿಗದ ಹೆಂಗಸರಿಂದ ಕರಾರಿನ ಗುಟ್ಟನ್ನರಿತು, ನೀರಿಲ್ಲದ ವನವೆಂದು ಹೇಳಿ ಒಂದು ಉದ್ಯಾನವನ್ನು ಸಿದ್ಧಪಡಿಸಿ, ಅದರೊಳಗೆ ತಿಳಿನೀರಿನ ಕೊಳವೊಂದನ್ನು ಮರೆಯಾಗಿ ಕಟ್ಟಿಸಿದನು. ಒಂದು ದಿನ ದೊರೆ ಅದನ್ನು ಕಂಡನು. ಕೊಟ್ಟ ಮಾತಿನ ನೆನಪಿತ್ತೋ ಇಲ್ಲವೋ, ನೀರಿಗಿಳಿಯೆಂದು ತಾನೇ ಅವಳಿಗೆ ಹೇಳಿದನು. ಇಳಿದವಳು ಮೇಲೇಳಲಿಲ್ಲ.

ನೀರನ್ನೆಲ್ಲ ಬಸಿದು ನೋಡಿದರೆ ಬಿಲದ ಬಾಯಲ್ಲಿ ಒಂದು ಕಪ್ಪೆ! ತನ್ನ ಪ್ರಿಯೆಯನ್ನು ಕಪ್ಪೆಗಳೇ ತಿಂದವೆಂದು ನಿಶ್ಚಯಿಸಿದ ದೊರೆ, ಕಂಡಲ್ಲೆಲ್ಲ ಅವನ್ನು ಕೊಲ್ಲಬೇಕೆಂದೂ, ತನ್ನನ್ನು ಕಾಣಬರುವವರು ಸತ್ತ ಕಪ್ಪೆಯ ಕಾಣಿಕೆಯೊಡನೆಯೇ ಬರತಕ್ಕದ್ದೆಂದೂ ಆಜ್ಞಾಪಿಸಿದನು. ಪರಸ್ಥಳದಲ್ಲಿ ವರ್ಷಾನುಗಟ್ಟಲೆ ಗಲ್ಲಾದ ಮುಂದೆ ಕುಳಿತ ನಮಗೆ ಈ ಬಗೆಯ ನ್ಯಾಯ ಅಪರಿಚಿತವಲ್ಲ. ಒಬ್ಬ ಹುಡುಗ ತಪ್ಪಿದರೆ ‘ನಿಮ್ಮವರೆಲ್ಲ ಹೀಗೆಯೇ’ ಎಂಬ ಮಾತು ಬೀದಿಯ ಅಷ್ಟೂ ಹೋಟೆಲುಗಳಿಗೆ ಸಲ್ಲುತ್ತದೆ.

ಕಪ್ಪೆಗಳ ಮೊರೆ ಕೇಳಿ ಅವುಗಳ ಅರಸನು ತಪಸ್ವಿಯ ವೇಷದಿಂದ ಬಂದನು. ನಿರಪರಾಧಿಗಳನ್ನು ಕೊಲ್ಲಬೇಡವೆಂದು ಬೇಡಿದನು. ದೊರೆ ಜಗ್ಗದಿರಲು ನಿಜವನ್ನು ಬಿಚ್ಚಿದನು: ತಾನು ಆಯುವೆಂಬ ಮಂಡೂಕರಾಜ, ಅವಳು ತನ್ನ ಮಗಳು ಸುಶೋಭನೆ, ಹಿಂದೆಯೂ ಅನೇಕ ಅರಸರನ್ನು ವಂಚಿಸಿದವಳು. ಮಗಳನ್ನು ದೊರೆಗೊಪ್ಪಿಸಿ, ಅವಳ ಸಂತಾನವು ಬ್ರಾಹ್ಮಣರಿಗೆ ಅಹಿತವಾಗಲೆಂದು ಶಪಿಸಿಯೂ ಬಿಟ್ಟನು. ಕುಲವುಳಿಯಿತು. ಮುಂದೆ ಅವಳಿಗೆ ಶಲ, ದಲ, ಬಲರೆಂಬ ಮಕ್ಕಳಾದರು. ಅವರ ಕತೆ ದೀರ್ಘವಾದುದು.

ಸುಶೋಭನೆ ವಂಚಕಿಯೇ? ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ ಓದಿದ ನಾವು ಶಾಸ್ತ್ರಾರ್ಥಕ್ಕೆ ಇಳಿಯಲಾರೆವು. ಆದರೆ ಋಗ್ವೇದದ ಏಳನೆಯ ಮಂಡಲದ 103ನೆಯ ಸೂಕ್ತವು ಕಪ್ಪೆಗಳನ್ನೇ ಕುರಿತದ್ದು. ವ್ರತಸ್ಥ ಬ್ರಾಹ್ಮಣರಂತೆ ವರ್ಷವಿಡೀ ಮೌನದಿಂದಿದ್ದು, ಮಳೆ ಬಿದ್ದೊಡನೆ ಅವು ದನಿಯೆತ್ತುತ್ತವೆ. ಗುರುವಿನ ಮಾತನ್ನು ಶಿಷ್ಯನು ಹೇಳಿದಂತೆ ಒಂದರ ಮಾತನ್ನು ಮತ್ತೊಂದು ಹೇಳುತ್ತದೆ. ಬಣ್ಣ ಬೇರೆ, ದನಿ ಬೇರೆ, ಹೆಸರು ಮಾತ್ರ ಒಂದೇ ಎಂದು ಅಲ್ಲಿ ವರ್ಣಿಸಿದೆ. 2019ರ ಜೂನಿನಲ್ಲಿ ಉಡುಪಿಯಲ್ಲಿ ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿಸಿದವರ ನಂಬಿಕೆಯೂ ಇದರ ದಾಯಾದಿಯೇ. ನೀರು ಕಂಡ ಮೇಲೆ ಸುಮ್ಮನಿರುವುದು ಆ ಕುಲಕ್ಕೆ ಸಾಧ್ಯವಿಲ್ಲ. ಅದನ್ನರಿತೇ ಅವಳು ಕರಾರು ಕೇಳಿರಬೇಕು.

ನಾವು ಹೋಟೆಲು ನಡೆಸುತ್ತಿದ್ದಾಗ ಕುಂದಾಪುರದ ಕಡೆಯ ಹುಡುಗನೊಬ್ಬನಿದ್ದನು. ಮಳೆಗಾಲದಲ್ಲಿ ಊರಿನ ಕಾಗದ ಬಂದರೆ ತೆಗೆದಿಡಿರೆಂದೂ, ದೀಪಾವಳಿಯ ಮೇಲೆ ಓದಿ ಹೇಳಿರೆಂದೂ ಕೇಳಿಕೊಂಡಿದ್ದನು. ನಾವು ಅದನ್ನು ಹುಡುಗಾಟವೆಂದು ಬಗೆದು, ಒಂದು ಸಂಜೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಡೆದು ಓದಿದೆವು. ಗದ್ದೆ ತುಂಬಿದೆ, ನೇಜಿ ನೆಡುತ್ತಿದ್ದಾರೆ, ಇಷ್ಟೇ ಸಮಾಚಾರ. ಮರುದಿನ ಬೆಳಿಗ್ಗೆ ಅವನ ಚಾಪೆ ಖಾಲಿಯಿತ್ತು. ಮೋಸ ಮಾಡಿದನೆಂದು ನಾವು ಕೂಗಾಡಿದೆವು. ಅವನ ಹದಿನೆಂಟು ದಿನದ ಸಂಬಳ ಇಂದಿಗೂ ನಮ್ಮಲ್ಲೇ ಉಳಿದಿದೆ.