ನಮ್ಮ ಬೀದಿಯ ಜಾಹೀರಾತು ಹಲಗೆಗಳು

ವಾಚಕ ಮಹಾಶಯರಲ್ಲಿ ಹೆಚ್ಚಿನವರು ಮನೆಮಠವುಳ್ಳ ಗೃಹಸ್ಥರು. ಬೆಳಗಾದರೆ ಹಾಲಿಗೋ ತರಕಾರಿಗೋ ಬೀದಿಗೆ ಇಳಿಯತಕ್ಕವರು. ಆಗ ತಮ್ಮ ಕಣ್ಣಿಗೆ ಮೊದಲು ಬೀಳುವ ವಸ್ತು ಯಾವುದೆಂದು ಒಂದು ದಿನ ಗಮನಿಸಿ ನೋಡಬೇಕು. ಸೂರ್ಯನಲ್ಲ, ಮರವಲ್ಲ, ಎದುರುಮನೆಯ ರಂಗವಲ್ಲಿಯೂ ಅಲ್ಲ. ಯಾರದೋ ಮುಖ. ಆಳೆತ್ತರದ ಫ್ಲೆಕ್ಸ್ ಹಾಳೆಯ ಮೇಲೆ ಕೈಮುಗಿದು ನಗುತ್ತಿರುವ ಮುಖ; ಅದರ ಕೆಳಗೆ ಅಂಚೆಚೀಟಿಗಳಂತೆ ಸಾಲಾಗಿ ಜೋಡಿಸಿದ ಇಪ್ಪತ್ತು ಸಣ್ಣ ಮುಖಗಳು. ಅದನ್ನು ದಾಟಿದರೆ ವಿದ್ಯುತ್ತಿನ ಕಂಬದ ಮೇಲೆ ಮನೆಪಾಠದ ಚೀಟಿ, ಹೊಂಗೆಯ ಮರಕ್ಕೆ ಮೊಳೆ ಹೊಡೆದ ತಗಡಿನ ಹಲಗೆ, ಯಾರದೋ ಕಾಂಪೌಂಡಿನ ಗೋಡೆಯ ಮೇಲೆ ಮೂಲವ್ಯಾಧಿಯ ಚಿಕಿತ್ಸೆ.

ಈ ವಿಷಯವನ್ನು ಕುರಿತು ಬರೆಯಲು ನಮಗೇನು ಅಧಿಕಾರವೆಂದು ಯಾರಾದರೂ ಕೇಳಿದರೆ, ನಾವು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. ನಾವಿರುವುದು ಮಹಾನಗರಪಾಲಿಕೆಯುಳ್ಳ ಒಂದು ಊರು, ಹೆಸರು ಬೇಡ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ, ಹೋದ ವರ್ಷ ಮೇ ತಿಂಗಳ ಕೊನೆಯ ದಿನ ನಿವೃತ್ತರಾದೆವು. ಮರುದಿನ ಬೆಳಗ್ಗೆ ಹಾಲಿಗೆ ಹೊರಟಾಗ ಬೀದಿಯ ತಿರುವಿನಲ್ಲಿ ಕಂಡದ್ದು ನಮ್ಮದೇ ಮುಖ! ಎಂಟು ಅಡಿ ಉದ್ದ, ಆರು ಅಡಿ ಅಗಲ. ಒಂದು ತುದಿಯನ್ನು ವಿದ್ಯುತ್ತಿನ ಕಂಬಕ್ಕೂ ಇನ್ನೊಂದನ್ನು ಹೊಂಗೆಯ ಮರಕ್ಕೂ ತಂತಿಯಿಂದ ಬಿಗಿದಿದ್ದರು. 'ಪೂಜ್ಯ ಗುರುಗಳಿಗೆ ಹಾರ್ಧಿಕ ಶುಭಾಶಯಗಳು' ಎಂದು ಬರೆದಿತ್ತು. ಹಳೆಯ ವಿದ್ಯಾರ್ಥಿಗಳ ಕೆಲಸ. ಹೃದ್ ಎಂಬುದರಿಂದ ಹುಟ್ಟಿದ ಹಾರ್ದಿಕ ಶಬ್ದಕ್ಕೆ ಮಹಾಪ್ರಾಣ ಎಲ್ಲಿಂದ ಬಂತೆಂದು ಅದೇ ಹುಡುಗರನ್ನು ನಾವು ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಆದರೆ ಆ ದಿನ ನಮಗೆ ಕೋಪ ಬರಲಿಲ್ಲ. ನಿಜ ಹೇಳಿಬಿಡುವೆವು: ಸಂತೋಷವಾಯಿತು. ಸಂಜೆ ಯಾವ ಕೆಲಸವೂ ಇಲ್ಲದೆ ಆ ತಿರುವಿನವರೆಗೆ ಹೋಗಿಬಂದೆವು. ಮನೆಯವರು, "ಕಾಯಿ ತರುತ್ತೇನೆಂದು ಹೋದವರು ಬರಿಗೈಲಿ ಬಂದಿರಲ್ಲ, ಪಟ ಇನ್ನೂ ಅಲ್ಲೇ ಇದೆಯೇ ಎಂದು ನೋಡಿಕೊಂಡು ಬಂದಿರೋ?" ಎಂದರು. ಉತ್ತರ ಕೊಡಲಾಗಲಿಲ್ಲ.

ಹತ್ತು ದಿನ ಅದು ಹಾಗೆಯೇ ಇತ್ತು. ಹನ್ನೊಂದನೆಯ ದಿನ ಮುಂಜಾನೆ ಜಿನುಗುಮಳೆಯಲ್ಲಿ ವೃತ್ತಪತ್ರಿಕೆ ಹಂಚುವ ಹುಡುಗನು ಸೈಕಲ್ಲಿನಲ್ಲಿ ಆ ತಿರುವಿಗೆ ಬಂದನು. ಅಡ್ಡರಸ್ತೆಯಿಂದ ಒಂದು ಸ್ಕೂಟರ್ ಬಂದಿತು. ಇವನಿಗೆ ಅದು ಕಾಣಲಿಲ್ಲ, ಅದರ ಸವಾರನಿಗೆ ಇವನು ಕಾಣಲಿಲ್ಲ. ನಡುವೆ ನಮ್ಮ ಮುಖವಿತ್ತು. ಹುಡುಗನ ಬಲಗೈಯ ಮಣಿಕಟ್ಟು ಮುರಿಯಿತು. ಪಿ.ಯು.ಸಿ. ಮೊದಲನೆಯ ವರ್ಷಕ್ಕೆ ಆಗತಾನೆ ಸೇರಿದ್ದವನು. ಆರು ವಾರ ಲೇಖನಿ ಹಿಡಿಯುವಂತಿರಲಿಲ್ಲ. ಆಸ್ಪತ್ರೆಗೆ ನೋಡಲು ಹೋದೆವು. ಹೂ ಕಟ್ಟಿ ಮಾರುವ ಅವನ ತಾಯಿ ನಮ್ಮನ್ನು ಕಂಡು ಎದ್ದು ನಿಂತು, "ಮೇಷ್ಟ್ರ ಪಟ ಅಡ್ಡ ಇತ್ತಂತೆ ಸ್ವಾಮಿ, ಇವನೇ ನಿಧಾನವಾಗಿ ಬರಬೇಕಿತ್ತು" ಎಂದಳು. ದೂರುವ ಧ್ವನಿ ಲೇಶವೂ ಇರಲಿಲ್ಲ. ಆಕೆ ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಆ ಮಧ್ಯಾಹ್ನವೇ ಹಳೆಯ ವಿದ್ಯಾರ್ಥಿಗಳನ್ನು ಕರೆಯಿಸಿ ಹಾಳೆಯನ್ನು ಬಿಚ್ಚಿಸಿದೆವು. ಮುಖ ಸಪ್ಪಗೆ ಮಾಡಿಕೊಂಡು ಬಂದ ಅವರಲ್ಲೊಬ್ಬನು, "ಸಾರ್, ಊರಲ್ಲೆಲ್ಲ ಕಟ್ಟುತ್ತಾರೆ, ತಪ್ಪೆಂದು ನಮಗೆ ತೋರಲೇ ಇಲ್ಲ" ಎಂದನು. ಈ ಮಾತಿನಲ್ಲಿ ಸುಳ್ಳಿಲ್ಲ. ಮರುದಿನ ಮನೆಯಿಂದ ಹಾಲಿನ ಅಂಗಡಿಯವರೆಗೆ ನಡೆಯುತ್ತ ನಾವೇ ಎಣಿಸಿದೆವು. ಇನ್ನೂರು ಹೆಜ್ಜೆಯ ದಾರಿಯಲ್ಲಿ ಚಿಕ್ಕದು ದೊಡ್ಡದು ಸೇರಿ 43 ಇದ್ದುವು. ಅವುಗಳಲ್ಲಿ ಅನುಮತಿಯ ಗುರುತುಳ್ಳದ್ದು ಒಂದೂ ಕಾಣಲಿಲ್ಲ. ಒಂದು ಕಡೆ 'ಭಾವಪೂರ್ಣ ಶೃದ್ಧಾಂಜಲಿ' ಎಂದಿತ್ತು. ಶ್ರದ್ಧೆಗೆ ಋಕಾರವನ್ನು ಅಂಟಿಸಿ ಸತ್ತವರನ್ನು ಕಳುಹಿಸುವ ಈ ಪದ್ಧತಿಯು ನಾಡಿನಲ್ಲೆಲ್ಲ ಹಬ್ಬಿದೆ. ಶಾಲೆಯಲ್ಲಿ ನಾವು ಒಂದು ಸಲ ತಿದ್ದಿದ್ದನ್ನು ಬೀದಿ ದಿನಕ್ಕೆ ಹತ್ತು ಸಲ ತಪ್ಪಾಗಿ ಕಲಿಸುತ್ತದೆ. ಇರಲಿ, ಇದು ಮೇಷ್ಟರ ಹಳೆಯ ವ್ಯಾಧಿ.

ಸಾರ್ವಜನಿಕರಿಗೆ ವಿಷಯ ತಿಳಿಸುವ ಪದ್ಧತಿಯೇನೂ ಹೊಸತಲ್ಲ. ಡಂಗುರ ಸಾರುವುದುಂಟಾಗಿತ್ತು; ಶಿಲಾಶಾಸನವನ್ನು ನಿಲ್ಲಿಸುವುದುಂಟಾಗಿತ್ತು. ಆದರೆ ಡಂಗುರದ ಸದ್ದು ಗಳಿಗೆಯಲ್ಲಿ ಅಡಗುತ್ತಿತ್ತು. ಶಾಸನವನ್ನು ಕೆತ್ತಿಸುವುದು ಕಷ್ಟವಾದ್ದರಿಂದ ಹೇಳತಕ್ಕ ಮಾತಿದ್ದರಷ್ಟೇ ಕೆತ್ತಿಸುತ್ತಿದ್ದರು. ಬೀದಿ ಎಲ್ಲರ ಸ್ವತ್ತು, ಅದನ್ನು ಕೆಡಿಸಿದವನು ತೆರಬೇಕು ಎಂಬ ಭಾವನೆಯೂ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಗರಿಕನ ಕರ್ತವ್ಯಗಳನ್ನು ಹೇಳುವ ಪ್ರಕರಣವಿದೆ. ನಾಗರಿಕನೆಂದರೆ ಅಲ್ಲಿ ನಗರದ ಆಡಳಿತಾಧಿಕಾರಿ. ಬೀದಿಯಲ್ಲಿ ಧೂಳುಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ, ಕೆಸರು ನೀರು ನಿಲ್ಲಿಸಿ ದಾರಿಗೆ ಅಡ್ಡಿಮಾಡಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಿ ಹಾಗೆ ಮಾಡಿದರೆ ಇಮ್ಮಡಿ ಎಂದು ಅಲ್ಲಿ ವಿಧಿಸಿದೆ. ದಂಡ ಸಣ್ಣದು. ಆದರೆ ದಾರಿಗೆ ಅಡ್ಡಿಯೆಂಬುದನ್ನು ಅಪರಾಧವೆಂದೇ ಎಣಿಸಿದ್ದರು.

ನಮ್ಮ ಕಾಲದ ಕಾನೂನೂ ಮೌನವಾಗಿಲ್ಲ. ತೆರೆದ ಸ್ಥಳಗಳ ವಿರೂಪವನ್ನು ತಡೆಯುವ 1981ನೆಯ ಇಸವಿಯ ಅಧಿನಿಯಮವೊಂದು ಕರ್ನಾಟಕದಲ್ಲಿದೆ. ಸ್ಥಳೀಯ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಜಾಹೀರಾತು ಹಚ್ಚಿದರೆ ಆರು ತಿಂಗಳವರೆಗೆ ಕಾರಾಗೃಹವಾಸ, ಅಥವಾ 1000 ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ. ಗೋಡೆ, ಕಂಬ, ಬೇಲಿ, ಮರ ಎಲ್ಲವೂ ಆ ಸ್ಥಳದ ಅರ್ಥದೊಳಗೆ ಬರುತ್ತವೆ. ನಲವತ್ತು ವರ್ಷಗಳ ಹಿಂದೆ ಸಾವಿರ ರೂಪಾಯಿ ಎಂದರೆ ಬೆದರಿಕೆ. ಈಗ ಅದು ಒಂದು ದೊಡ್ಡ ಹಾಳೆಯನ್ನು ಅಚ್ಚುಹಾಕಿಸುವ ವೆಚ್ಚದಲ್ಲಿ ಅಡಗಿಹೋಗುವ ಮೊತ್ತ. ಮುಂದೆ 2016ನೆಯ ಮಾರ್ಚ್ ತಿಂಗಳಲ್ಲಿ ಸರ್ಕಾರವು ಪ್ಲಾಸ್ಟಿಕ್ ಚೀಲಗಳೊಡನೆ ಪ್ಲಾಸ್ಟಿಕ್ಕಿನ ಬ್ಯಾನರು, ಫ್ಲೆಕ್ಸು, ತೋರಣಗಳನ್ನೂ ನಿಷೇಧಿಸಿತು. ಆದಾಗ್ಯೂ ಅವು ನಿಲ್ಲಲಿಲ್ಲ. 2018ನೆಯ ಆಗಸ್ಟ್ 1ರಂದು ರಾಜ್ಯದ ಉಚ್ಚ ನ್ಯಾಯಾಲಯವು ಬೆಂಗಳೂರಿನ ಅನಧಿಕೃತ ಫ್ಲೆಕ್ಸುಗಳನ್ನು ಕೂಡಲೇ ತೆಗೆಯಿಸಬೇಕೆಂದು ಆಜ್ಞೆ ಮಾಡಿದಾಗ, ಅದೇ ದಿನ ಸಾವಿರಾರು ಹಾಳೆಗಳು ನೆಲಕ್ಕಿಳಿದುವು. ವರ್ಷಗಟ್ಟಲೆ ಆಗದೆಂದು ಹೇಳುತ್ತಿದ್ದ ಕಾರ್ಯವು ಒಂದು ಹಗಲಿನಲ್ಲಿ ಆಯಿತು ಎಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಬರಿಯ ಅಂದಚೆಂದದ ಪ್ರಶ್ನೆ ಇದೆಂದು ತಿಳಿದವರು ಚೆನ್ನೈ ನಗರದ ಒಂದು ಸಂಗತಿಯನ್ನು ಕೇಳಬೇಕು. 2019ನೆಯ ಸೆಪ್ಟೆಂಬರ್ 12ರಂದು ಪಳ್ಳಿಕರಣೈ ಎಂಬಲ್ಲಿ, ಮದುವೆಯೊಂದರ ಸ್ವಾಗತಕ್ಕಾಗಿ ರಸ್ತೆಯ ನಡುದಿಣ್ಣೆಯ ಮೇಲೆ ಕಟ್ಟಿದ್ದ ಹಾಳೆಯೊಂದು ಸ್ಕೂಟರಿನಲ್ಲಿ ಹೋಗುತ್ತಿದ್ದ 23 ವರ್ಷದ ತರುಣಿಯ ಮೇಲೆ ಬಿದ್ದಿತು. ಆಕೆ ಉರುಳಿಬಿದ್ದಳು, ಹಿಂದೆ ಬರುತ್ತಿದ್ದ ನೀರಿನ ಲಾರಿ ಆಕೆಯ ಮೇಲೆ ಹರಿಯಿತು. ಮದುವೆಯ ಮನೆಯವರು ಯಾರ ಕೇಡನ್ನೂ ಬಯಸಿರಲಾರರು, ನಮ್ಮ ಹುಡುಗರಂತೆಯೇ.

ಇನ್ನು ನಮ್ಮ ಬೀದಿಯಲ್ಲಿ ನಾವು ಮಾಡಿದ್ದು. ಮೊದಲು ನಮ್ಮ ನಮ್ಮ ಗೋಡೆಗಳನ್ನು ನಾವು ನೋಡಿಕೊಂಡೆವು. ಸ್ವಂತ ಗೋಡೆಯ ಮೇಲೆ ಹೇಳದೆ ಕೇಳದೆ ಅಂಟಿಸಿದ ಕಾಗದವನ್ನು ಕೀಳಲು ಯಾರ ಅಪ್ಪಣೆಯೂ ಬೇಡ. ಸಾಮಾನ್ಯವಾಗಿ ಮೈದಾಹಿಟ್ಟಿನ ಅಂಟನ್ನೇ ಬಳಸಿರುತ್ತಾರೆ. ಒಣಗಿದ್ದನ್ನು ಕೆರೆದರೆ ಸುಣ್ಣವೂ ಬಣ್ಣವೂ ಕಿತ್ತುಬರುತ್ತವೆ. ಆದ್ದರಿಂದ ಬಿಸಿನೀರಿನಲ್ಲಿ ಅದ್ದಿದ ಹಳೆಯ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಒತ್ತಿಟ್ಟು, ಮರದ ಸಟ್ಟುಗದಂತಹ ಮೊಂಡು ವಸ್ತುವಿನಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಎಬ್ಬಿಸಬೇಕು. ಈ ಯುಕ್ತಿ ನಮ್ಮ ಮನೆಯವರದು, ನಮ್ಮದಲ್ಲ.

ಮರಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಎಲೆಗಳಲ್ಲಿ ಸಿದ್ಧವಾದ ಆಹಾರವು ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡಕ್ಕೆ ಸುತ್ತಿದ ತಂತಿಯು ಮರ ದಪ್ಪವಾದಂತೆಲ್ಲ ಆ ಪದರವನ್ನು ಹಿಸುಕುತ್ತದೆ. ಕೊರಳಿಗೆ ಬಿದ್ದ ಉರುಲಿನಂತೆ. ಮೊಳೆ ಹೊಡೆದ ಗಾಯದಲ್ಲಿ ಬೂಷ್ಟು ಸೇರಿ ಒಳಗೆ ಕೊಳೆತ ಹತ್ತುತ್ತದೆ. ನಮ್ಮ ಹೊಂಗೆಯ ಮರದಿಂದ ಹುಡುಗರು ಹದಿನೇಳು ಮೊಳೆಗಳನ್ನು ತೆಗೆದರು. ಅಲ್ಲಾಡಿಸದೆ ನೇರವಾಗಿ ಎಳೆಯಬೇಕು, ರಂಧ್ರಕ್ಕೆ ಸಿಮೆಂಟನ್ನೂ ಬಣ್ಣವನ್ನೂ ತುಂಬಬಾರದು. ತೊಗಟೆ ಬೆಳೆದು ಮುಚ್ಚಿಕೊಂಡುಬಿಟ್ಟಿದ್ದ ನಾಲ್ಕನ್ನು ಹಾಗೆಯೇ ಬಿಟ್ಟೆವು. ಕೆದಕಿದರೆ ಹೊಸ ಗಾಯವಾಗುತ್ತಿತ್ತು. ವಿದ್ಯುತ್ತಿನ ಕಂಬಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಮುಟ್ಟಲೂ ಕೂಡದು. ನಮ್ಮ ಹಾಳೆಯನ್ನು ಬಿಚ್ಚುವಾಗಲೂ ಆ ತುದಿಗೆ ಲೈನ್‌ಮನ್ ಮಹಾಶಯನನ್ನು ಕಾದು ಕರೆಯಿಸಿಕೊಂಡೆವು.

ಕೆಳಗಿಳಿಸಿದ ಹಾಳೆಗಳನ್ನು ಸುಡಬೇಕೆಂದು ಕೆಲವರು ಹೊರಟರು. ತಡೆದೆವು. ಫ್ಲೆಕ್ಸು ಎಂಬುದು ಬಟ್ಟೆಯ ಎಳೆಗಳ ಮೇಲೆ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕನ್ನು ಲೇಪಿಸಿದ ವಸ್ತು; ಸುಟ್ಟರೆ ಹೈಡ್ರೋಜನ್ ಕ್ಲೋರೈಡೆಂಬ ಆಮ್ಲದ ಹೊಗೆಯೂ ಡಯಾಕ್ಸಿನ್ನೆಂಬ ವಿಷವೂ ಏಳುತ್ತವೆ.

ಬಳಿಕ ಚೀಟಿಗಳವರ ಸರದಿ. ಕಳ್ಳನು ತನ್ನ ವಿಳಾಸವನ್ನು ಬಿಟ್ಟು ಹೋಗುವುದಿಲ್ಲ. ಜಾಹೀರಾತುದಾರನು ಬಿಟ್ಟೇ ಹೋಗುತ್ತಾನೆ, ದೂರವಾಣಿಯ ಸಂಖ್ಯೆಯೊಡನೆ. ನಾವು ಒಬ್ಬೊಬ್ಬರಿಗೂ ದೂರವಾಣಿ ಮಾಡಿ, ಬೈಯದೆ, ಹುಡುಗನ ಕೈಯ ಕಥೆಯನ್ನು ಹೇಳಿದೆವು. ಮನೆಪಾಠದ ಸಂಸ್ಥೆಯವರು ನಕ್ಕು ಕೆಳಗಿಟ್ಟರು. ನೀರಿನ ತೊಟ್ಟಿ ತೊಳೆಯುವವನು ಆ ಸಂಜೆಯೇ ಬಂದು ತನ್ನ ಹಲಗೆಗಳನ್ನು ಬಿಚ್ಚಿಕೊಂಡು ಹೋದನು. ಆದರೆ ಒಬ್ಬ ಹೆಂಗಸಿನ ಮಾತು ನಮ್ಮನ್ನು ತಡೆಯಿತು. ಹೊಲಿಗೆಯಿಂದ ಮನೆ ನಡೆಸುವ ವಿಧವೆ ಆಕೆ. ಅಂಗೈಯಗಲದ ಕಾಗದದಲ್ಲಿ ಕೈಬರಹದಿಂದ 'ರವಿಕೆ ಹೊಲಿದುಕೊಡಲಾಗುವುದು' ಎಂದು ಬರೆದು ಕಂಬಕ್ಕೆ ಅಂಟಿಸಿದ್ದಳು. "ಪತ್ರಿಕೆಗೆ ಕೊಡಲು ದುಡ್ಡಿಲ್ಲ ಮೇಷ್ಟ್ರೇ, ಅಂಗಡಿ ಇಲ್ಲ. ನಾನು ಇದ್ದೇನೆಂದು ಜನಕ್ಕೆ ಗೊತ್ತಾಗುವುದು ಹೇಗೆ?" ಎಂದಳು. ಎಂಟು ಅಡಿಯ ಮುಖಗಳನ್ನೂ ಈ ಅಂಗೈಯಗಲದ ಚೀಟಿಯನ್ನೂ ಒಂದೇ ಕಾನೂನು ಒಂದೇ ಹೆಸರಿನಿಂದ ಕರೆಯುತ್ತದೆ. ಕರೆಯಲಿ, ನಮಗೆ ಅವೆರಡೂ ಒಂದೇ ಎಂದು ತೋರಲಿಲ್ಲ.

ಆಗ ಹೊಳೆದ ಉಪಾಯವಿದು. ದಿನಸಿ ಅಂಗಡಿಯವರ ಪಕ್ಕದ ಗೋಡೆಗೆ, ದಾರಿಗೂ ನೋಟಕ್ಕೂ ಅಡ್ಡವಾಗದಂತೆ, ನಾಲ್ಕು ಅಡಿಯ ಒಂದು ಮರದ ಹಲಗೆ. ಬಾಡಿಗೆಮನೆ, ಹೊಲಿಗೆ, ಮನೆಪಾಠ, ಕಳೆದುಹೋದ ಬೆಕ್ಕು, ಯಾವುದಾದರೂ ಅಲ್ಲಿ. ಅಂಗೈಯಗಲದ ಚೀಟಿ ಮಾತ್ರ, ಹದಿನೈದು ದಿನ ಮಾತ್ರ. ಸ್ವಂತ ಗೋಡೆಯಾದರೂ ಬೀದಿಗೆ ಕಾಣುವುದರಿಂದ ಇದಕ್ಕೂ ಅನುಮತಿ ಬೇಕಲ್ಲವೆ? ಅರ್ಜಿ ಬರೆದು ಕಛೇರಿಗೆ ಹೋದೆವು. ಅಲ್ಲಿನ ಗುಮಾಸ್ತೆಯು ಎರಡು ಸಲ ಓದಿ, "ಅನುಮತಿ ಕೇಳಿಕೊಂಡು ಬಂದವರು ನೀವೇ ಮೊದಲು ಸಾರ್, ಯಾವ ಕಡತಕ್ಕೆ ಸೇರಿಸಬೇಕೋ ನೋಡಬೇಕು" ಎಂದನು. ಮೂರು ಸಲ ನಡೆದ ಮೇಲೆ, ಎರಡು ತಿಂಗಳಿಗೆ, ಅನುಮತಿ ಬಂದಿತು. ಹೊಲಿಗೆಯ ಚೀಟಿಯೇ ಮೊದಲನೆಯದು.

ದೊಡ್ಡ ಮುಖಗಳ ವಿಚಾರದಲ್ಲಿ ನಾವು ಗೆದ್ದೆವೆಂದು ಹೇಳಲಾರೆವು. ಅವುಗಳಿಗೆ ಕೈ ಹಾಕುವುದು ಗೃಹಸ್ಥರ ಕೆಲಸವಲ್ಲ. ಜಗಳಕ್ಕೂ ಅಪಾಯಕ್ಕೂ ದಾರಿ. ಸ್ಥಳ, ದಿನಾಂಕ, ಹೊತ್ತು ತಿಳಿಯುವಂತೆ ಛಾಯಾಚಿತ್ರ ತೆಗೆದು, ಬೀದಿಯ ಹತ್ತು ಮನೆಯವರ ಸಹಿಯೊಡನೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮುದ್ರೆಯನ್ನು ಹಾಕಿಸಿಕೊಳ್ಳುವೆವು. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಮುದ್ರೆಯುಳ್ಳ ಕಾಗದಕ್ಕೆ ಯಾರಾದರೂ ಒಬ್ಬರು ಉತ್ತರವಾದಿಗಳಾಗಬೇಕಾಗುತ್ತದೆ. ತಿರುವಿಗೆ ಅಡ್ಡವಾಗಿದ್ದರೆ ಸಂಚಾರದ ಪೋಲೀಸರಿಗೂ ಒಂದು ಪ್ರತಿ. ಈವರೆಗೆ ಹದಿನಾಲ್ಕು ದೂರು ಕೊಟ್ಟಿದ್ದೇವೆ. ಒಂಬತ್ತು ಹಾಳೆಗಳು ಇಳಿದಿವೆ, ಎರಡು ಇಳಿದ ಮೂರನೆಯ ದಿನ ಮತ್ತೆ ಏರಿದುವು, ಮೂರಕ್ಕೆ ಉತ್ತರವಿಲ್ಲ. ಒಂದು ರಾತ್ರಿ ಯಾರೋ ನಮ್ಮ ಗೇಟಿಗೇ ಒಂದು ದೊಡ್ಡ ಹುಟ್ಟುಹಬ್ಬದ ಹಾಳೆಯನ್ನು ಕಟ್ಟಿ ಹೋಗಿದ್ದರು. ಮನೆಯವರು ಹೆದರಿದರು. ನಾವು ಅದರ ಛಾಯಾಚಿತ್ರವನ್ನೂ ತೆಗೆದು ಹದಿನಾಲ್ಕನೆಯ ದೂರನ್ನಾಗಿ ಕೊಟ್ಟೆವು. ಇಳಿದ ಒಂಬತ್ತರಲ್ಲಿ ಅದೂ ಒಂದು.

ಹುಡುಗನ ಕೈ ಕೂಡಿಕೊಂಡಿತು. ಆರು ವಾರದ ಪಾಠಗಳನ್ನು ಸಂಜೆಯ ಹೊತ್ತು ನಮ್ಮ ಜಗಲಿಯ ಮೇಲೆ ನಾವೇ ಹೇಳಿ, ನಮ್ಮ ಕೈಯಿಂದಲೇ ಅವನ ಪುಸ್ತಕಕ್ಕೆ ಬರೆದುಕೊಟ್ಟೆವು. ಅಕ್ಷರ ದುಂಡಗಿದೆಯೆಂದು ಅವನ ಉಪನ್ಯಾಸಕರು ಮೆಚ್ಚಿದರಂತೆ. ಅವನು ನಿಜ ಹೇಳಲಿಲ್ಲವಂತೆ.

ನಮ್ಮ ಹಾಳೆಯನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ಬೀದಿಯ ತುದಿಯಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವವರು ಮಳೆಗೆ ಮರೆಯಿಲ್ಲವೆಂದು ಕೇಳಿದರು, ಕೊಟ್ಟೆವು. ಮುಖ ಒಳಗಡೆಗೆ ಬರುವಂತೆ ಹೊದಿಸಿಕೊಂಡಿದ್ದಾರೆ. ಬೀದಿಗೆ ಏನೂ ಕಾಣುವುದಿಲ್ಲ. ಬಟ್ಟೆ ಕೊಡಲು ಹೋಗಿ ಗಾಡಿಯ ಕೆಳಗೆ ನಿಂತು ತಲೆಯೆತ್ತಿದರೆ ಮಾತ್ರ, ಕೆಂಡದ ಹೊಗೆಗೆ ಸ್ವಲ್ಪ ಕಪ್ಪಾದ ನಮ್ಮ ಮೀಸೆಯೂ, ಆ ಹಾರ್ಧಿಕದ ಮಹಾಪ್ರಾಣವೂ ಕಾಣುತ್ತವೆ.