ಚಿತ್ರಕಾರ, ವಿಮರ್ಶಕ ಜಗದೀಶ್ ಸ್ವಾಮಿನಾಥನ್

ಚಿತ್ರ ಬರೆಯುವವನೇ ಚಿತ್ರವಿಮರ್ಶೆಗೂ ಕೈಹಾಕಿದರೆ ಎರಡಕ್ಕೂ ಕೇಡೆಂದು ಭಾವಿಸುವವರುಂಟು. ವಿಮರ್ಶಕನಿಗೆ ಬೇಕಾದ ತಾಟಸ್ಥ್ಯ ಚಿತ್ರಕಾರನಲ್ಲಿ ಇರಲಾರದು, ಚಿತ್ರಕಾರನಿಗೆ ಬೇಕಾದ ತನ್ಮಯತೆ ವಿಮರ್ಶಕನಿಗೆ ಸಲ್ಲದು ಎಂಬುದು ಅವರ ವಾದ. ಈ ವಾದಕ್ಕೆ ತಮ್ಮ ಬಾಳಿನಿಂದಲೇ ಉತ್ತರವಿತ್ತವರಲ್ಲಿ ಜಗದೀಶ್ ಸ್ವಾಮಿನಾಥನ್ ಅವರು ಪ್ರಮುಖರು. ಅವರ ವಿಚಾರಗಳೆಲ್ಲವೂ ಒಪ್ಪತಕ್ಕವೆಂದಲ್ಲ. ಆದರೆ ಸ್ವಾತಂತ್ರ್ಯಾನಂತರದ ಭಾರತೀಯ ಚಿತ್ರಕಲೆಯನ್ನು ಕುರಿತು ಮಾತನಾಡುವವರು ಅವರನ್ನು ಬದಿಗೊತ್ತಿ ಮುಂದೆ ಹೋಗುವಂತಿಲ್ಲ.

ಸ್ವಾಮಿನಾಥನ್ 1928ರಲ್ಲಿ ಸಿಮ್ಲಾದಲ್ಲಿ ತಮಿಳು ಮನೆತನವೊಂದರಲ್ಲಿ ಜನಿಸಿದರು. ಹಿಮಾಲಯದ ತಪ್ಪಲಿನ ಬೆಟ್ಟ, ಬಂಡೆ, ಮರ, ಹಕ್ಕಿಗಳ ನಡುವೆ ಅವರ ಬಾಲ್ಯ ಕಳೆಯಿತು. ವೈದ್ಯಶಿಕ್ಷಣಕ್ಕೆ ಪೂರ್ವಭಾವಿಯಾದ ಓದನ್ನು ನಡುವೆಯೇ ತೊರೆದು ರಾಜಕಾರಣಕ್ಕೆ ಧುಮುಕಿದರು. ಮೊದಲು ಕಾಂಗ್ರೆಸ್ ಸಮಾಜವಾದಿಗಳ ಜೊತೆಗೆ, ಅನಂತರ ಕಮ್ಯುನಿಸ್ಟ್ ಪಕ್ಷದಲ್ಲಿ ದುಡಿದರು. ಹೊಟ್ಟೆಪಾಡಿಗೆ ಪತ್ರಿಕಾವೃತ್ತಿ. ದೆಹಲಿಯ ಪಾಲಿಟೆಕ್ನಿಕ್‌ನ ಸಂಜೆಯ ತರಗತಿಗಳಲ್ಲಿ ಶೈಲೋಜ್ ಮುಖರ್ಜಿ, ಭವೇಶ್ ಸನ್ಯಾಲ್ ಅವರಂಥ ಗುರುಗಳು ದೊರೆತರು. 1950ರ ದಶಕದ ಕೊನೆಯಲ್ಲಿ ಪೋಲೆಂಡಿನ ವಾರ್ಸಾ ಕಲಾ ಅಕಾಡೆಮಿಗೆ ಹೋದರಾದರೂ ಅಲ್ಲಿನ ವ್ಯಾಸಂಗವನ್ನು ಪೂರ್ಣಗೊಳಿಸಲಿಲ್ಲ. ಹೀಗೆ ಅವರು ಕುಂಚವನ್ನು ವೃತ್ತಿಯಾಗಿ ಹಿಡಿಯುವ ವೇಳೆಗೆ ಮೂವತ್ತು ದಾಟಿತ್ತು, ಲೇಖನಿ ಆಗಲೇ ಪಳಗಿತ್ತು. ‘ಲಿಂಕ್’ ವಾರಪತ್ರಿಕೆಯಲ್ಲಿ ಅವರು ಬರೆಯುತ್ತಿದ್ದ ಕಲಾವಿಮರ್ಶೆಗಳಲ್ಲಿ ಹೋರಾಟಗಾರನ ಖಾರ ಉಳಿದೇ ಇತ್ತು.

1962ರ ಆಗಸ್ಟ್ ತಿಂಗಳಲ್ಲಿ ಗುಜರಾತಿನ ಭಾವನಗರದ ಮನೆಯೊಂದರಲ್ಲಿ ಕೆಲವರು ಕಲಾವಿದರು ಕೂಡಿ ಒಂದು ಬಳಗವನ್ನು ಕಟ್ಟಿದರು. ಆ ಮನೆಯ ಸಂಖ್ಯೆ 1890; ಬಳಗಕ್ಕೂ ಅದೇ ಹೆಸರಾಯಿತು. ಇಸವಿಯೆಂದು ತಿಳಿದು ಅದಕ್ಕೆ ಅರ್ಥ ಹುಡುಕುವವರು ಇಂದಿಗೂ ಇದ್ದಾರೆ! ಅಂಬಾದಾಸ್, ಜೇರಾಂ ಪಟೇಲ್, ಹಿಮ್ಮತ್ ಷಾ, ಜ್ಯೋತಿ ಭಟ್, ಗುಲಾಂ ಮೊಹಮ್ಮದ್ ಷೇಖ್, ರೆಡ್ಡಪ್ಪ ನಾಯ್ಡು ಮೊದಲಾದ ಹನ್ನೆರಡು ಮಂದಿಯ ಈ ಬಳಗಕ್ಕೆ ಸ್ವಾಮಿನಾಥನ್ ಅವರೇ ವಕ್ತಾರರು. 1963ರ ಅಕ್ಟೋಬರಿನಲ್ಲಿ ದೆಹಲಿಯ ರವೀಂದ್ರ ಭವನದಲ್ಲಿ ನಡೆದ ಪ್ರದರ್ಶನವನ್ನು ಪ್ರಧಾನಿ ನೆಹರೂ ಉದ್ಘಾಟಿಸಿದರು. ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೋ ಪಾಜ್ ಮುನ್ನುಡಿ ಬರೆದರು. ಅದೇ ಮೊದಲ ಪ್ರದರ್ಶನ, ಅದೇ ಕೊನೆಯದೂ ಆಯಿತು. ಆದರೆ ಬಳಗದ ಪ್ರಣಾಳಿಕೆ ಎತ್ತಿದ ಪ್ರಶ್ನೆ ಉಳಿಯಿತು. ರವಿವರ್ಮನ ವಾಸ್ತವಿಕತೆ, ಬಂಗಾಳ ಪಂಥದ ಭಾವುಕ ಆದರ್ಶ, ಯುರೋಪಿನ ಆಧುನಿಕ ಪಂಥಗಳ ಅನುಕರಣೆ ಇವು ಮೂರನ್ನೂ ಅದು ಒಟ್ಟಿಗೆ ತಿರಸ್ಕರಿಸಿತು. ಎಲ್ಲವನ್ನೂ ನಿರಾಕರಿಸುವುದು ಯೌವನಕ್ಕೆ ಸುಲಭ. ನಿರಾಕರಿಸಿದ ಮೇಲೆ ನಿಲ್ಲಲು ನೆಲವೆಲ್ಲಿ ಎಂಬುದು ಕಷ್ಟದ ಮಾತು. ಸ್ವಾಮಿನಾಥನ್ ಅವರ ಮುಂದಿನ ಮೂರು ದಶಕಗಳ ಬದುಕು ಆ ನೆಲದ ಹುಡುಕಾಟವೆನ್ನಬಹುದು. 1966ರಲ್ಲಿ ‘ಕಾಂಟ್ರಾ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. 1968ರಲ್ಲಿ ದೊರೆತ ನೆಹರೂ ಫೆಲೋಶಿಪ್ಪಿಗೆ ಅವರು ಆರಿಸಿಕೊಂಡ ವಿಷಯ, ಸಾಂಪ್ರದಾಯಿಕ ದೈವಸಂಕೇತಗಳು ಆಧುನಿಕ ಕಲೆಯಲ್ಲಿ ಪಡೆಯುವ ಅರ್ಥ.

ಈ ಕಾಲದಲ್ಲೇ ಅವರ ಸುಪ್ರಸಿದ್ಧವಾದ ಹಕ್ಕಿ, ಬೆಟ್ಟ, ಮರಗಳ ಚಿತ್ರಮಾಲೆ ಮೂಡಿತು. ನೆರಳಿಲ್ಲದ, ಆಳದ ಭ್ರಮೆಯಿಲ್ಲದ ಒಂದೇ ಬಣ್ಣದ ಬಯಲು. ಅದರಲ್ಲಿ ತೇಲುತ್ತಿರುವ ಬಂಡೆ. ಅದರ ಮೇಲೋ ಪಕ್ಕದಲ್ಲೋ ಅಲುಗದೆ ಕುಳಿತ ಒಂದು ಪುಟ್ಟ ಹಕ್ಕಿ. ಪಹಾಡಿ ಕಿರುಚಿತ್ರಗಳ ಶುದ್ಧ ವರ್ಣ ಇಲ್ಲಿ ಕಥೆಯ ಹೊರೆಯನ್ನು ಇಳಿಸಿ ನಿಂತಂತಿದೆ. ಬೆಟ್ಟಕ್ಕೆ ಭಾರವಿಲ್ಲ, ಹಕ್ಕಿಗೆ ಹಾರಾಟವಿಲ್ಲ. ಇದನ್ನು ಬರಿಯ ಅಲಂಕಾರವೆಂದು ಹಳಿದವರುಂಟು. ಒಂದೇ ಸೂತ್ರ ವರ್ಷಗಟ್ಟಲೆ ಮರಳಿ ಬಂದಾಗ ಆ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಆದರೆ ಅವುಗಳಲ್ಲಿ ಶ್ರೇಷ್ಠವಾದವುಗಳ ಮುಂದೆ ನಿಂತಾಗ ಕಣ್ಣಿಗೆ ದೊರೆಯುವ ನಿಶ್ಚಲತೆ ಅಲಂಕಾರದಿಂದ ಬರತಕ್ಕದ್ದಲ್ಲ.

1982ರ ಫೆಬ್ರವರಿ 13ರಂದು ಭೋಪಾಲಿನಲ್ಲಿ, ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿದ ಭಾರತ ಭವನ ತೆರೆಯಿತು. ಅದರ ‘ರೂಪಂಕರ’ ಕಲಾಸಂಗ್ರಹಾಲಯವನ್ನು ಕಟ್ಟಿ ನಡೆಸಿದವರು ಸ್ವಾಮಿನಾಥನ್. ಅದಕ್ಕೆ ಮುನ್ನವೇ ಅವರು ಯುವಕಲಾವಿದರ ತಂಡಗಳನ್ನು ಮಧ್ಯಪ್ರದೇಶದ ಹಳ್ಳಿಹಳ್ಳಿಗೆ ಕಳುಹಿಸಿದರು. ಅಲ್ಲಿಂದ ಬಂದ ಗೊಂಡ, ಭಿಲ್ಲ ಮೊದಲಾದವರ ಕೃತಿಗಳನ್ನು ಅವರು ನಗರದ ಆಧುನಿಕ ಕೃತಿಗಳೊಂದಿಗೆ ಒಂದೇ ಸೂರಿನಡಿ, ಸಮಾನ ಗೌರವದಿಂದ ಇರಿಸಿದರು. ಅವರ ನಿಲುವು ಇಷ್ಟು: ಆದಿವಾಸಿಯು ಮಾನವ ಇತಿಹಾಸದ ಹಿಂದಿನ ಮೆಟ್ಟಿಲಲ್ಲಿ ನಿಂತವನಲ್ಲ, ಅವನು ನಮ್ಮೊಂದಿಗೆ, ಇದೇ ಗಳಿಗೆಯಲ್ಲಿ ಬದುಕುತ್ತಿರುವವನು, ಆದುದರಿಂದ ಅವನ ಕಲೆಯೂ ಸಮಕಾಲೀನವೇ. ಮಾನವಶಾಸ್ತ್ರದ ಕಪಾಟಿನಲ್ಲಿ ಅದಕ್ಕೆ ಚೀಟಿ ಅಂಟಿಸಿ ಇಡುವುದನ್ನು ಅವರು ಸಹಿಸಲಿಲ್ಲ. 1987ರಲ್ಲಿ ಪ್ರಕಟವಾದ ಅವರ ‘ದಿ ಪರ್ಸೀವಿಂಗ್ ಫಿಂಗರ್ಸ್’ ಗ್ರಂಥ ಈ ಸಂಗ್ರಹವನ್ನು ಕುರಿತದ್ದು.

ಈ ವಿಚಾರ ಮಾತಿನಲ್ಲೇ ನಿಲ್ಲಲಿಲ್ಲ. ಪಾಟನ್‌ಗಢವೆಂಬ ಹಳ್ಳಿಯ ಗೋಡೆಯ ಮೇಲಿನ ಚಿತ್ರವೊಂದು ತಂಡದ ಕಣ್ಣಿಗೆ ಬಿದ್ದಿತು. ಬರೆದವನು ಜಂಗಢ ಸಿಂಗ್ ಶ್ಯಾಮ್ ಎಂಬ ಪರಧಾನ ಗೊಂಡ ತರುಣ. ಪರಧಾನರು ಗೊಂಡರ ದೇವತೆಗಳ ಕಥೆಯನ್ನು ವಾದ್ಯ ನುಡಿಸಿ ಹಾಡುತ್ತಿದ್ದವರು. ಸ್ವಾಮಿನಾಥನ್ ಅವನನ್ನು ಭೋಪಾಲಿಗೆ ಕರೆತಂದು ಕಾಗದ, ಬಣ್ಣ, ನೌಕರಿಗಳನ್ನು ಒದಗಿಸಿದರು. ಹಾಡಿನಲ್ಲಿದ್ದ ದೇವತೆಗಳು ಚುಕ್ಕೆ ರೇಖೆಗಳಾಗಿ ಕಾಗದಕ್ಕಿಳಿದುವು. ಭಾರತ ಭವನದ ಕಟ್ಟಡಕ್ಕೆ ಕೂಲಿಯಾಗಿ ಬಂದಿದ್ದ ಭೂರಿಬಾಯಿ ಎಂಬ ಭಿಲ್ಲ ಹೆಣ್ಣುಮಗಳಿಗೂ ಅವರು ದಿನಗೂಲಿಗಿಂತ ಹೆಚ್ಚಿನ ಹಣವನ್ನಿತ್ತು ಚಿತ್ರ ಬರೆಯಿಸಿದರು. 2021ರಲ್ಲಿ ಆಕೆಗೆ ಪದ್ಮಶ್ರೀ ಸಂದಿತು.

ಇಲ್ಲೊಂದು ಕಠಿಣ ಪ್ರಶ್ನೆಯಿದೆ. ಮಣ್ಣಿನ ಗೋಡೆಯ ಚಿತ್ರ ಹಬ್ಬಕ್ಕೆ ಹುಟ್ಟಿ ಮಳೆಗೆ ಅಳಿಯುವಂಥದು. ಅದಕ್ಕೆ ಸಹಿಯಿಲ್ಲ, ಬೆಲೆಯಿಲ್ಲ. ಕಾಗದಕ್ಕೆ ಬಂದೊಡನೆ ಅದಕ್ಕೆ ಎರಡೂ ಬಂದುವು. ಜಂಗಢನ ಕೃತಿಗಳು 1989ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನವೊಂದನ್ನು ಸೇರಿದುವು. ಆತನ ಬಂಧುಬಳಗದ ಹಲವರು ಅದೇ ಶೈಲಿಯಿಂದ ಜೀವನ ಕಂಡರು. ಆದರೆ 2001ರಲ್ಲಿ ಜಪಾನಿನ ಮಿಥಿಲಾ ಸಂಗ್ರಹಾಲಯದಲ್ಲಿ ಚಿತ್ರ ಬರೆಯುತ್ತಿದ್ದಾಗ, ಇನ್ನೂ ನಲವತ್ತು ತುಂಬದ ಆತ ಆತ್ಮಹತ್ಯೆ ಮಾಡಿಕೊಂಡ. ಊರಿನಿಂದ ಕಿತ್ತು ತಂದುದರ ಫಲವಿದು ಎಂದು ಸ್ವಾಮಿನಾಥನ್ ಅವರತ್ತ ಬೆರಳು ಮಾಡುವುದು ನ್ಯಾಯವಲ್ಲ. ಅವರು ತೀರಿಕೊಂಡೇ ಏಳು ವರ್ಷಗಳಾಗಿದ್ದುವು. ಹಾಗೆಂದು ಪ್ರಶ್ನೆಯನ್ನು ಒರೆಸಿಹಾಕುವಂತೆಯೂ ಇಲ್ಲ. ಹೆಸರಿಲ್ಲದ ಕೈಗಳಿಗೆ ಹೆಸರು ಕೊಡುವುದು ಗೌರವವೇ ಸರಿ. ಆ ಹೆಸರನ್ನು ಪೇಟೆ ಹೇಗೆ ನಡೆಸಿಕೊಳ್ಳುವುದೆಂಬುದು ಕೊಟ್ಟವರ ಕೈಯಲ್ಲಿ ಇರುವುದಿಲ್ಲ.

ಕೊಡುವುದರೊಂದಿಗೆ ಸ್ವಾಮಿನಾಥನ್ ಪಡೆದದ್ದೂ ಉಂಟು. 1990ರಲ್ಲಿ ಭಾರತ ಭವನದ ಹೊಣೆಯಿಂದ ಹೊರಬಂದರು. ಅವರ ಕೊನೆಯ ವರ್ಷಗಳ ಚಿತ್ರಗಳಲ್ಲಿ ಹಕ್ಕಿಯೂ ಇಲ್ಲ, ತೇಲುವ ಬೆಟ್ಟವೂ ಇಲ್ಲ. ಮಣ್ಣಿನ ಬಣ್ಣದ ಒರಟು ಮೈ, ಅದರ ಮೇಲೆ ತ್ರಿಕೋನ, ಗೀರು, ಕೈಯಿಂದ ಒತ್ತಿದಂಥ ಗುರುತುಗಳು. ಹಳ್ಳಿಯ ಗೋಡೆಯೇ ಎದ್ದು ಬಂದು ಚೌಕಟ್ಟಿನೊಳಗೆ ನಿಂತ ಹಾಗೆ. 1994ರ ಏಪ್ರಿಲ್ 25ರಂದು ದೆಹಲಿಯಲ್ಲಿ ಅವರು ನಿಧನರಾದಾಗ ವಯಸ್ಸು 65.