ಮೊದಲು ಇಳಿಸುವುದನ್ನು ಕಲಿಯಿರಿ

ಬೆಂಗಳೂರಿನ ಒಂದು ಶೂಟಿಂಗ್ ರೇಂಜಿಗೆ ಮಗಳನ್ನು ಕರೆದುಕೊಂಡು ಹೋದ ಮೊದಲ ದಿನ, ನಲವತ್ತು ನಿಮಿಷವಾದರೂ ಅವಳ ಕೈಗೆ ಗುಂಡು ಸಿಗಲಿಲ್ಲ. ಏರ್ ಪಿಸ್ತೂಲು ಸಿಕ್ಕಿತು, ಖಾಲಿಯದು. ಅದನ್ನು ಮೇಜಿನಿಂದ ಎತ್ತುವುದು, ಗುರಿಯ ಕಡೆ ಹಿಡಿಯುವುದು, ಮತ್ತೆ ಮೇಜಿನ ಮೇಲೆ ಇಡುವುದು, ಇಷ್ಟೇ ಕೆಲಸ. ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನನಗೇ ತಡೆಯಲಾಗಲಿಲ್ಲ. ‘ಮೇಡಂ, ಹೊಡೆಯೋದು ಯಾವಾಗ?’ ಎಂದು ಕೋಚನ್ನು ಕೇಳಿದೆ.

‘ಇಳಿಸೋದು ಬಂದ ಮೇಲೆ ಸರ್’ ಅಂದರು.

ಬಂದೂಕಿನ ಬಗ್ಗೆ ನಮಗೆ ಪಾಠ ಹೇಳಿದ ಶಾಲೆಗಳು ಎರಡೇ: ಸಿನಿಮಾ ಟಾಕೀಸು ಮತ್ತು ಜಾತ್ರೆಯ ಬಲೂನು ಅಂಗಡಿ. ಅಲ್ಲಿ ಕಲಿತದ್ದನ್ನೆಲ್ಲ ರೇಂಜಿನ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುವುದು ಒಳ್ಳೆಯದು. ಯಾವುದನ್ನು ಬಿಡಬೇಕು, ಯಾಕೆ ಬಿಡಬೇಕು ಎಂಬುದು ಇಲ್ಲಿದೆ.

ತಪ್ಪು ಕಲ್ಪನೆ: ಜಾತ್ರೆಯಲ್ಲಿ ಬಲೂನು ಒಡೆದವರಿಗೆ ಇದೇನು ಮಹಾ?

ಸತ್ಯ: ಜಾತ್ರೆಯ ಬಲೂನು ಮೂರ್ನಾಲ್ಕು ಹೆಜ್ಜೆ ದೂರದಲ್ಲಿರುತ್ತದೆ, ಎಲ್ಲಿ ತಗುಲಿದರೂ ಠಪ್ ಎನ್ನುತ್ತದೆ. ಹೊಸಬರು ಸಾಮಾನ್ಯವಾಗಿ ಶುರುಮಾಡುವ 10 ಮೀಟರ್ ಏರ್ ರೇಂಜಿನಲ್ಲಿ ಪಿಸ್ತೂಲಿನ ಗುರಿಯ ‘ಹತ್ತು’ 11.5 ಮಿಲಿಮೀಟರ್ ಅಗಲದ ಒಂದು ವೃತ್ತ. ರೈಫಲ್ಲಿನ ‘ಹತ್ತು’ ಬರೀ ಅರ್ಧ ಮಿಲಿಮೀಟರ್, ಈ ವಾಕ್ಯದ ಕೊನೆಯ ಚುಕ್ಕೆಯಷ್ಟು. ಅದಕ್ಕೆ ಹೊಡೆಯುವ ಪೆಲೆಟ್ 4.5 ಮಿಲಿಮೀಟರ್, ಅಂದರೆ ಗುಂಡೇ ಗುರಿಗಿಂತ ಒಂಬತ್ತು ಪಟ್ಟು ಅಗಲ! ಇನ್ನು ‘ಭುಜಕ್ಕೆ ಒದೆಯುತ್ತದೆ’ ಎಂಬ ಭಯ ಬೇಡ. ಸ್ಪರ್ಧೆಯ ಏರ್‌ಗನ್ನುಗಳು ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯಿಂದ ನಡೆಯುತ್ತವೆ. ಒದೆತ ಇಲ್ಲವೆನ್ನುವಷ್ಟು ಕಡಿಮೆ.

ತಪ್ಪು ಕಲ್ಪನೆ: ಏರ್‌ಗನ್ನಿಗೆ ಲೈಸೆನ್ಸ್ ಬೇಡ, ಅಂದಮೇಲೆ ಅದು ಆಟಿಕೆ.

ಸತ್ಯ: ಮೊದಲರ್ಧ ಹೆಚ್ಚುಕಡಿಮೆ ನಿಜ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ವ್ಯಾಸ ಮತ್ತು 20 ಜೂಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಮದ್ದಿನಿಂದ ಸಿಡಿಯುವ ಪಾಯಿಂಟ್ ಟೂ ಟೂ ರೈಫಲ್ಲಿಗೆ ಬೇಕು. ಆದರೆ ಲೈಸೆನ್ಸ್ ಬೇಡದ ಪೆಲೆಟ್ಟೂ ಒಂದು ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ಗಟ್ಟಿ ಲೋಹಕ್ಕೆ ಬಡಿದು ಹಿಂದಕ್ಕೂ ಚಿಮ್ಮಬಲ್ಲದು. ಆದ್ದರಿಂದ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ. ಮದ್ದಿನ ಬಂದೂಕಿನ ರೇಂಜಾದರೆ ಕಿವಿಗೂ ರಕ್ಷಣೆ ಕಡ್ಡಾಯ.

ತಪ್ಪು ಕಲ್ಪನೆ: ಗುಂಡು ಹಾಕಿಲ್ಲ ಅಂತ ಗೊತ್ತಿದ್ದರೆ ಹೇಗೆ ಹಿಡಿದರೂ ನಡೆಯುತ್ತದೆ.

ಸತ್ಯ: ಹೊಸಬರನ್ನು ರೇಂಜಿನಿಂದ ಹೊರಗೆ ಕಳಿಸುವ ತಪ್ಪು ಇದೇ. ಪಿಸ್ತೂಲು ಹಿಡಿದುಕೊಂಡೇ ‘ಅಪ್ಪಾ, ಒಂದು ಫೋಟೋ ತೆಗಿ’ ಎಂದು ಮೈಯೆಲ್ಲ ತಿರುಗಿಸುವವರನ್ನು ಕಂಡರೆ ಕೋಚುಗಳು ಕಿರುಚುವುದು ಸಿಟ್ಟಿನಿಂದಲ್ಲ, ಅಭ್ಯಾಸದಿಂದ. ರೇಂಜಿನಲ್ಲಿ ಪ್ರತಿ ಬಂದೂಕೂ ಗುಂಡು ತುಂಬಿದ್ದೇ ಎಂದು ಲೆಕ್ಕ. ನಳಿಕೆ ಸದಾ ಗುರಿಯ ಕಡೆಗೇ ಇರಬೇಕು. ಹೊಡೆಯುವ ಗಳಿಗೆಯವರೆಗೆ ಬೆರಳು ಟ್ರಿಗರಿನ ಹೊರಗೆ. ಮೇಜಿನ ಮೇಲೆ ಇಟ್ಟಾಗ ಲೋಡಿಂಗ್ ಭಾಗ ತೆರೆದು, ನಳಿಕೆಯೊಳಗೆ ಬಣ್ಣದ ಸೇಫ್ಟಿ ಫ್ಲ್ಯಾಗಿನ ದಾರ ತೂರಿಸಿರಬೇಕು. ಖಾಲಿ ಇದೆ ಎಂಬುದು ನಿಮ್ಮ ಬಾಯಿಮಾತಿನಿಂದಲ್ಲ, ಆ ದಾರದಿಂದ ಎಲ್ಲರಿಗೂ ಕಾಣಬೇಕು.

ಕೋಚ್ ‘ಲೋಡ್’ ಅನ್ನುವವರೆಗೆ ಪೆಲೆಟ್ ಹಾಕುವಂತಿಲ್ಲ. ‘ಸ್ಟಾಪ್’ ಅಂದರೆ, ಟ್ರಿಗರ್ ಅರ್ಧ ಎಳೆದಿದ್ದರೂ ಅಲ್ಲಿಗೇ ನಿಲ್ಲಿಸಬೇಕು. ಟಾರ್ಗೆಟ್ ಕಾಗದ ತರಲು ಕೋಚ್ ಹೇಳದೆ ಮುಂದೆ ಹೆಜ್ಜೆ ಇಡಬಾರದು. ಯಾರಾದರೂ ಮುಂದೆ ಹೋಗಿರುವಾಗ ಬಂದೂಕು ಮುಟ್ಟಲೇಬಾರದು. ಗುಂಡಿಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡುವುದಕ್ಕೂ ಅನುಮತಿ ಬೇಕು.

ತಪ್ಪು ಕಲ್ಪನೆ: ಅರ್ಜುನನಂತೆ ಗುರಿಯನ್ನೇ ನೋಡಬೇಕು.

ಸತ್ಯ: ಹಕ್ಕಿಯ ಕಣ್ಣು ಬಿಟ್ಟು ಬೇರೇನೂ ಕಾಣುತ್ತಿಲ್ಲ ಎಂದ ಅರ್ಜುನನನ್ನು ದ್ರೋಣರು ಮೆಚ್ಚಿದರು. ಪಿಸ್ತೂಲು ರೇಂಜಿನಲ್ಲಿ ಅದೇ ಉತ್ತರ ಕೊಟ್ಟಿದ್ದರೆ ಕೋಚ್ ಪಿಸ್ತೂಲು ಇಳಿಸಲು ಹೇಳುತ್ತಿದ್ದರು. ಇಲ್ಲಿ ಕಣ್ಣು ನೆಡಬೇಕಾದದ್ದು ನಳಿಕೆಯ ತುದಿಯ ಫ್ರಂಟ್ ಸೈಟ್ ಮೇಲೆ. ಅದು ಚೂಪಾಗಿ ಕಾಣಬೇಕು, ಗುರಿಯ ಕಪ್ಪು ವೃತ್ತ ಮಸುಕಾಗಿರಬೇಕು.

ಯಾಕೆ? ಲೆಕ್ಕ ಸರಳ. ಪಿಸ್ತೂಲಿನ ಹಿಂದಿನ ಮತ್ತು ಮುಂದಿನ ಸೈಟುಗಳ ನಡುವೆ ಸುಮಾರು 34 ಸೆಂಟಿಮೀಟರ್ ಇದೆ ಎನ್ನಿ. ಎರಡೂ ಹೊಂದಿಕೊಂಡೇ ಇದ್ದು ಇಡೀ ಕೈ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಪೆಲೆಟ್ಟೂ ಒಂದು ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಹತ್ತು ಹತ್ತಾಗಿಯೇ ಉಳಿಯುತ್ತದೆ. ಆದರೆ ಮಣಿಕಟ್ಟು ತಿರುಗಿ ಮುಂದಿನ ಸೈಟು ಮಾತ್ರ ಒಂದು ಮಿಲಿಮೀಟರ್ ವಾಲಿದರೆ, ಆ ತಪ್ಪು 10 ಮೀಟರ್ ದೂರದಲ್ಲಿ ಸುಮಾರು 29 ಮಿಲಿಮೀಟರಿಗೆ ಬೆಳೆಯುತ್ತದೆ. ಹತ್ತರ ಬದಲು ಏಳು. ದೊಡ್ಡ ತಪ್ಪು ಹುಟ್ಟುವುದು ಕೈಯಳತೆಯಲ್ಲೇ, ಅದನ್ನು ಹಿಡಿಯಬೇಕಾದ ಕಣ್ಣೂ ಅಲ್ಲೇ ಇರಬೇಕು.

ತಪ್ಪು ಕಲ್ಪನೆ: ಕೈ ಚೂರೂ ನಡುಗಬಾರದು, ಉಸಿರು ಬಿಗಿಹಿಡಿದು ನಿಲ್ಲಬೇಕು.

ಸತ್ಯ: ನಡುಗದ ಕೈ ಇಲ್ಲ. ಒಲಿಂಪಿಕ್ ಪದಕ ಗೆದ್ದವರ ಕೈಯೂ ಆಡುತ್ತದೆ, ಹೊಸಬರಿಗಿಂತ ಕಡಿಮೆ ಆಡುತ್ತದೆ ಅಷ್ಟೇ. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಔಷಧಿಗಳನ್ನು ಈ ಕ್ರೀಡೆಯಲ್ಲಿ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಕೆಡಿಸುವುದು ನಡುಕವಲ್ಲ, ನಡುಕ ನಿಂತ ಕ್ಷಣವನ್ನು ಹಿಡಿಯಲು ಹೋಗಿ ಟ್ರಿಗರನ್ನು ಫಕ್ಕನೆ ಜಗ್ಗುವ ಆತುರ. ಬಲಗೈಯವರಲ್ಲಿ ಹಾಗೆ ಜಗ್ಗಿದ ಗುಂಡು ಹೆಚ್ಚಾಗಿ ಕೆಳಗೆ ಎಡಕ್ಕೆ ಹೋಗುತ್ತದೆ.

ಮಗಳ ಪಿಸ್ತೂಲಿನ ನಳಿಕೆಯ ಮೇಲೆ ಕೋಚ್ ಒಂದು ರೂಪಾಯಿ ನಾಣ್ಯ ಇಟ್ಟರು. ಗುಂಡಿಲ್ಲ, ಟ್ರಿಗರ್ ಮಾತ್ರ. ಮೊದಲ ಸಲ ನಾಣ್ಯ ಟಣ್ಣೆಂದು ನೆಲಕ್ಕೆ ಬಿದ್ದು ನನ್ನ ಕುರ್ಚಿಯ ಕೆಳಗೆ ಉರುಳಿತು. ಎರಡನೆಯದಕ್ಕೂ ಬಿತ್ತು. ಏಳನೆಯದೋ ಎಂಟನೆಯದೋ ಸಲ ಟ್ರಿಗರ್ ಕಟ್ ಎಂದರೂ ನಾಣ್ಯ ಕೂತಲ್ಲೇ ಕೂತಿತ್ತು. ಸ್ಪರ್ಧೆಯ ಏರ್ ಪಿಸ್ತೂಲಿನ ಟ್ರಿಗರಿಗೆ ಕನಿಷ್ಠ 500 ಗ್ರಾಂ ಒತ್ತಡ ಬೇಕೆಂಬ ನಿಯಮವಿದೆ. ಆ ಅರ್ಧ ಕೆಜಿಯನ್ನು ಮೊಸರಿನ ಕೆನೆ ಸರಿಸುವಷ್ಟು ಹಗುರವಾಗಿ ಹಾಕುವುದೇ ವಿದ್ಯೆ.

ಉಸಿರಿನ ವಿಷಯವೂ ಹಾಗೆಯೇ. ಸಹಜವಾಗಿ ಬಿಟ್ಟ ಉಸಿರಿನ ಕೊನೆಯಲ್ಲಿ ಕೆಲವು ಸೆಕೆಂಡು ನಿಲ್ಲುವುದು ಸಾಕು. ಹೆಚ್ಚು ಹೊತ್ತು ಎಳೆದರೆ ಕಣ್ಣೂ ಸೋಲುತ್ತದೆ, ಕೈಯೂ ಸೋಲುತ್ತದೆ.

ತಪ್ಪು ಕಲ್ಪನೆ: ಜೇಬಲ್ಲಿ ಕೈ ಇಟ್ಟು ಹೊಡೆಯುವುದು ಸ್ಟೈಲು.

ಸತ್ಯ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಮಿಶ್ರ ತಂಡದ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದಾಗ ಲೋಕವೆಲ್ಲ ಮೆಚ್ಚಿದ್ದು ಆ ಜೇಬಿನ ಕೈಯನ್ನು. ಆದರೆ ಪಿಸ್ತೂಲಿನವರು ಬಹುತೇಕ ಎಲ್ಲರೂ ಹಾಗೇ ನಿಲ್ಲುತ್ತಾರೆ. ಈ ಸ್ಪರ್ಧೆಯಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಕೈ ತೂಗಾಡಿದರೆ ಮೈಯನ್ನೂ ತೂಗಿಸುತ್ತದೆ. ಅದಕ್ಕೇ ಅದನ್ನು ಜೇಬಿನಲ್ಲೋ ಬೆಲ್ಟಿನಲ್ಲೋ ಕಟ್ಟಿಹಾಕುವುದು. ಅವರಲ್ಲಿ ಕಲಿಯಬೇಕಾದದ್ದು ಬೇರೆಯೇ ಇತ್ತು: ವಿಶೇಷ ಲೆನ್ಸಿನ ಚೌಕಟ್ಟಿಲ್ಲದೆ, ಮಾಮೂಲಿ ಕನ್ನಡಕದಲ್ಲಿ, ಎರಡೂ ಕಣ್ಣು ತೆರೆದು ಹೊಡೆದರು. ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿದರೆ ತೆರೆದ ಕಣ್ಣೂ ದಣಿಯುತ್ತದೆ.

ತಪ್ಪು ಕಲ್ಪನೆ: ಮೊದಲ ದಿನವೇ ‘ಹತ್ತು’ ಬಿದ್ದರೆ ಹುಟ್ಟಾ ಶೂಟರ್.

ಸತ್ಯ: ಐದು ಗುಂಡಿನಲ್ಲಿ ಒಂದು ಹತ್ತಕ್ಕೆ ಬಿದ್ದು ನಾಲ್ಕು ನಾಲ್ಕು ದಿಕ್ಕಿಗೆ ಹೋದರೆ ಅದು ಅದೃಷ್ಟ. ಐದೂ ಒಂದು ಮೂಲೆಯಲ್ಲಿ, ಆರರ ಸುತ್ತ ಒತ್ತಾಗಿ ಬಿದ್ದರೆ ಕೋಚ್ ನಗುತ್ತಾರೆ. ಅದಕ್ಕೆ ‘ಗ್ರೂಪ್’ ಎನ್ನುತ್ತಾರೆ. ಗ್ರೂಪನ್ನು ಸೈಟಿನ ತಿರುಪು ತಿರುಗಿಸಿ ಮಧ್ಯಕ್ಕೆ ತರಬಹುದು; ಚದುರಿದ್ದಕ್ಕೆ ತಿರುಪು ಇಲ್ಲ.

ತಪ್ಪು ಕಲ್ಪನೆ: ಇದು ಗಂಡಸರ, ಹರೆಯದವರ, ದುಡ್ಡಿದ್ದವರ ಆಟ.

ಸತ್ಯ: ಪ್ಯಾರಿಸ್ಸಿನಲ್ಲಿ ಭಾರತಕ್ಕೆ ಮೊದಲ ಪದಕ ತಂದದ್ದು ಮನು ಭಾಕರ್. ಗಾಲಿಕುರ್ಚಿಯಲ್ಲಿ ಕೂತು ಎರಡು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದದ್ದು ಅವನಿ ಲೇಖರಾ. ಉತ್ತರ ಪ್ರದೇಶದ ಚಂದ್ರೋ ತೋಮರ್ ಮೊಮ್ಮಗಳ ಜೊತೆ ಕ್ಲಬ್ಬಿಗೆ ಹೋಗಿ, ಅರವತ್ತು ದಾಟಿದ ಮೇಲೆ ಪಿಸ್ತೂಲು ಹಿಡಿದರು. ನಮ್ಮಲ್ಲೂ ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೆಂಗಸರೂ ಕೋವಿ ಎತ್ತುತ್ತಾರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಸಾಫ್ಟ್‌ವೇರ್ ಕೆಲಸದಿಂದ ಬಂದು 2014ರ ಕಾಮನ್‌ವೆಲ್ತ್ ಕ್ರೀಡಾಕೂಟದ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು.

ದುಡ್ಡಿನ ಮಾತು: ಮುಂದೆ ಹೋದಂತೆ ಇದು ಖರ್ಚಿನ ಆಟವೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ಮೊದಲ ದಿನ ಏನನ್ನೂ ಕೊಳ್ಳಬೇಡಿ. ಕ್ಲಬ್ಬಿನ ಬಂದೂಕು ಸಾಕು. ಚಪ್ಪಟೆ ತಳದ ಬೂಟು, ಸಡಿಲ ಬಟ್ಟೆ, ಗುರುತಿನ ಚೀಟಿ ತೆಗೆದುಕೊಂಡು ಹೋಗಿ.

ತಪ್ಪು ಕಲ್ಪನೆ: ಹೊಡೆದಾಯಿತು, ಇನ್ನು ಕ್ಯಾಂಟೀನಿಗೆ.

ಸತ್ಯ: ಮೊದಲು ನಲ್ಲಿಗೆ. ಪೆಲೆಟ್ ಸೀಸದ್ದು, ಬೆರಳಿಗೆ ಹತ್ತಿದ ಬೂದು ಮಸಿ ಇಡ್ಲಿಯ ಜೊತೆ ಹೊಟ್ಟೆಗೆ ಹೋಗಬಾರದು, ಮಕ್ಕಳಿಗಂತೂ ಸಲ್ಲದು. ಸೋಪು ಹಾಕಿ ಕೈ ತೊಳೆಯಿರಿ. ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಹಿಡಿಯುವ ಕೆಟ್ಟ ಚಾಳಿ ಬೇಡ.

ಆ ದಿನ ಮಗಳಿಗೆ ಕೊನೆಗೆ ಸಿಕ್ಕಿದ್ದು ಹತ್ತು ಪೆಲೆಟ್. ಒಂಬತ್ತು ಹೊಡೆದಳು. ಹತ್ತನೆಯದಕ್ಕೆ ಕೈ ಎತ್ತಿದಳು, ನಿಂತಳು, ನಿಂತೇ ಇದ್ದಳು. ಪಿಸ್ತೂಲಿನ ತುದಿ ಸಣ್ಣಗೆ ಆಡತೊಡಗಿತು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅವಳು ಬೆರಳು ಹೊರಗೆ ತೆಗೆದು, ಕೈಯನ್ನು ನಿಧಾನ ಇಳಿಸಿ, ಪಿಸ್ತೂಲನ್ನು ಮೇಜಿಗೆ ತಾಗಿಸಿ ಉಸಿರುಬಿಟ್ಟಳು. ಸ್ಪರ್ಧೆಯಲ್ಲಿ 60 ಗುಂಡಿಗೆ 75 ನಿಮಿಷ ಕೊಡುತ್ತಾರೆ, ಒಂದೊಂದಕ್ಕೂ ನಿಮಿಷಕ್ಕಿಂತ ಹೆಚ್ಚು. ಹೀಗೆ ಇಳಿಸಿ ಮತ್ತೆ ಎತ್ತುವುದಕ್ಕೆ ಸಮಯ ಅದರೊಳಗೇ ಇದೆ.

‘ಹಾಂ, ಇವತ್ತಿನ ಒಳ್ಳೇ ಶಾಟ್ ಇದು’ ಅಂದರು ಕೋಚ್. ಟಾರ್ಗೆಟ್ ಕಾಗದದಲ್ಲಿ ಆಗಿನ್ನೂ ಒಂಬತ್ತೇ ತೂತು ಇತ್ತು.